ಉಂಗುರ ಎಣಿಸಿದರೆ ಸಾಲದು: ಹಾಲ್ ಆಫ್ ಫೇಮ್ ಚರ್ಚೆಗೆ ಮಕ್ಕಳನ್ನು ಕೂರಿಸುವವರಿಗೆ

ಹೊರದೇಶದಲ್ಲಿ ಬೆಳೆಯುತ್ತಿರುವ ದೊಡ್ಡ ಮಕ್ಕಳ ಕನ್ನಡ ತರಗತಿಗೆ ಚರ್ಚೆಯ ವಿಷಯ ಏನು ಕೊಡಬಹುದು ಅಂತ ಕೇಳಿದ್ದವರಿಗೆ ಈ ಉತ್ತರ. 12ರಿಂದ 15 ವಯಸ್ಸಿನವರಿಗೆ "ನಮ್ಮ ಹಬ್ಬಗಳು" ಅಂತ ಕೊಟ್ಟರೆ ಎರಡು ವಾಕ್ಯ ಹೇಳಿ ಫೋನ್ ನೋಡುತ್ತಾ ಕೂರುತ್ತಾರೆ. "ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಯಾರು ಯೋಗ್ಯರು" ಅಂತ ಕೊಡಿ, ಮನೆಗೆ ಕರೆದರೂ ಏಳುವುದಿಲ್ಲ. ಆಟದ ದೊಡ್ಡವರನ್ನು ಮತ ಹಾಕಿ ಸೇರಿಸಿಕೊಳ್ಳುವ ಗೌರವದ ಪಟ್ಟಿ ಅದು. ಆದರೆ ನಡೆಸುವವರಿಗೆ ನಿಯಮ ಗೊತ್ತಿಲ್ಲದಿದ್ದರೆ ಹತ್ತೇ ನಿಮಿಷದಲ್ಲಿ "ಅವನಿಗೆ ಎಷ್ಟು ಉಂಗುರ, ಇವನಿಗೆ ಎಷ್ಟು" ಅನ್ನುವಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಚಾಂಪಿಯನ್ ತಂಡದವರಿಗೆ ಕೊಡುವ ಉಂಗುರ ಅದು. ಮಕ್ಕಳ ಪಾಲಿಗೆ ಅದೇ ಸೇರು, ಅದೇ ಪಾವು.

ಮೊದಲು ಬಿಡಿಸಬೇಕಾದ ಗಂಟು: ಇದು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಹಾಲ್ ಅಲ್ಲ. ಮಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಈ ಸಂಸ್ಥೆಯ ಪೂರ್ತಿ ಹೆಸರು ನೈಸ್ಮಿತ್ ಮೆಮೋರಿಯಲ್ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್. 1891ರ ಡಿಸೆಂಬರಿನಲ್ಲಿ ಅದೇ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, 13 ನಿಯಮ ಬರೆದು ಈ ಆಟ ಶುರುಮಾಡಿದ್ದು. ಕಾಲೇಜು, ಒಲಿಂಪಿಕ್ಸ್, ಯುರೋಪಿನ ಲೀಗು, ಮಹಿಳೆಯರ ಆಟ, ಕೋಚ್, ರೆಫ್ರಿ, ಇಡೀ ಒಂದು ತಂಡ, ಎಲ್ಲಕ್ಕೂ ಅಲ್ಲಿ ಬಾಗಿಲಿದೆ.

ಇದು ತಲೆಗೆ ಹೋಗಲು ಮಾನು ಜಿನೋಬಿಲಿಯ ಉದಾಹರಣೆ ಸಾಕು. ಎನ್‌ಬಿಎಯಲ್ಲಿ ಪಂದ್ಯಕ್ಕೆ ಸರಾಸರಿ 13.3 ಪಾಯಿಂಟ್, ಆಲ್-ಸ್ಟಾರ್ ಆಗಿದ್ದು, ಅಂದರೆ ವರ್ಷದ ತಾರೆಯರ ಪಂದ್ಯಕ್ಕೆ ಆಯ್ಕೆಯಾಗಿದ್ದು, ಎರಡೇ ಸಲ. ಇಷ್ಟನ್ನೇ ನೋಡಿದರೆ ಯಾವ ಹುಡುಗನೂ ಮತ ಹಾಕುವುದಿಲ್ಲ. ಈಗ ಉಳಿದದ್ದನ್ನು ಸೇರಿಸಿ: ಸ್ಯಾನ್ ಆಂಟೋನಿಯೊ ಪರ ನಾಲ್ಕು ಚಾಂಪಿಯನ್‌ಶಿಪ್, ಅದಕ್ಕೂ ಮೊದಲು ಇಟಲಿಯ ಬೊಲೊನ್ಯಾ ತಂಡದಲ್ಲಿ ಯುರೋಲೀಗ್ ಪಟ್ಟ, 2004ರ ಅಥೆನ್ಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 89–81ರಿಂದ ಸೋಲಿಸಿ ಅರ್ಜೆಂಟೀನಾಕ್ಕೆ ಚಿನ್ನ. 2022ರಲ್ಲಿ ಒಳಗೆ ಹೋದರು. ಬ್ರೆಜಿಲ್‌ನ ಆಸ್ಕರ್ ಶ್ಮಿಟ್ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ, ಆದರೂ 2013ರಿಂದ ಅಲ್ಲಿದ್ದಾರೆ.

ಮಕ್ಕಳು ಅಂಕಿಅಂಶ ಕೊಡುವ ಬಾಸ್ಕೆಟ್‌ಬಾಲ್ ರೆಫರೆನ್ಸ್ ತಾಣ ತೆರೆದು "ಇವನಿಗೆ ಶೇಕಡಾ ಇಷ್ಟು ಸಾಧ್ಯತೆ" ಅಂತ ತೋರಿಸುತ್ತಾರೆ. ಆ ಲೆಕ್ಕ ನಿಂತಿರುವುದು ಆಲ್-ಸ್ಟಾರ್ ಆಯ್ಕೆ, ಚಾಂಪಿಯನ್‌ಶಿಪ್ ಇತ್ಯಾದಿ ಎನ್‌ಬಿಎ ದಾಖಲೆಯ ಮೇಲೆ ಮಾತ್ರ. ಕಾಲೇಜು, ಯುರೋಪ್, ಒಲಿಂಪಿಕ್ಸ್ ಅದರ ಕಣ್ಣಿಗೆ ಬೀಳುವುದಿಲ್ಲ. ಆ ಸಂಖ್ಯೆಯಿಂದ ಮಾತು ಶುರುವಾಗಲಿ, ಆದರೆ ಅದನ್ನೇ ತೀರ್ಪು ಅಂತ ಒಪ್ಪಿಕೊಳ್ಳಬೇಡಿ.

ಮತದಾನ ಹೀಗೆ. ಮೊದಲು ಸೋಸುವ ಸಮಿತಿಗಳು: ಉತ್ತರ ಅಮೆರಿಕ ಸಮಿತಿಯಲ್ಲಿ 9 ಜನ, 7 ಮತ ಬಿದ್ದರೆ ಅಂತಿಮ ಪಟ್ಟಿಗೆ, ಮಹಿಳಾ ಸಮಿತಿಯಲ್ಲಿ 7 ಜನ, 5 ಮತ. ಅಲ್ಲಿಂದ 24 ಜನರ ಆನರ್ಸ್ ಸಮಿತಿ, 18 ಮತ ಬೇಕು, ಅಂದರೆ ಮುಕ್ಕಾಲು ಪಾಲು. ಮತದಾರರ ಹೆಸರೂ ಗುಟ್ಟು, ಯಾರಿಗೆ ಎಷ್ಟು ಬಿತ್ತು ಅನ್ನುವುದೂ ಗುಟ್ಟು. ಬೇಸ್‌ಬಾಲ್‌ನಲ್ಲಾದರೆ ಪತ್ರಕರ್ತರು ಹಾಕಿದ ಮತದ ಶೇಕಡಾವಾರು ಪ್ರಕಟವಾಗುತ್ತದೆ. ಇಲ್ಲಿ ಬಾಯಿಬಿಡುವುದಿಲ್ಲ, ಅದು ನನಗಂತೂ ಸರಿಕಾಣುವುದಿಲ್ಲ. ಆಟಗಾರರು ನಿವೃತ್ತರಾಗಿ ಎರಡು ಸೀಸನ್ ಪೂರ್ತಿ ಕಳೆದಿರಬೇಕು. ಹಿಂದೆ ಐದು ವರ್ಷ ಇತ್ತು, ಇಳಿಸುತ್ತಾ ಬಂದರು. ಊರಿಂದ ಅಜ್ಜ ಬಂದಿದ್ದರೆ ಅವರಿಗೂ ಮಾತಿಗೆ ಒಂದು ಎಳೆ ಸಿಗುತ್ತದೆ: ಕ್ರಿಕೆಟ್‌ನ ಐಸಿಸಿ ಹಾಲ್ ಆಫ್ ಫೇಮ್‌ಗೆ ಐದು ವರ್ಷ ಕಾಯಬೇಕು. ನಮ್ಮ ಕುಂಬ್ಳೆ 2015ರಲ್ಲಿ, ದ್ರಾವಿಡ್ 2018ರಲ್ಲಿ ಸೇರಿದ್ದು ಹಾಗೆ ಕಾದ ಮೇಲೆಯೇ.

ತರಗತಿಯಲ್ಲಿ ನಡೆಸಲು 8, 12 ಅಥವಾ 16 ಮಕ್ಕಳಿದ್ದರೆ ಸಲೀಸು; ಮುಕ್ಕಾಲು ಅಂದರೆ 6, 9, 12. ಒಂದು ದಿನಕ್ಕೆ ಮೂರು ಹೆಸರು ಸಾಕು. ಒಬ್ಬ ಪರ, ಒಬ್ಬ ವಿರುದ್ಧ, ತಲಾ ಎರಡು ನಿಮಿಷ, ಆಮೇಲೆ ಚೀಟಿ. ಎಲ್ಲರೂ ಎಡವುವುದು ಚೀಟಿಯಲ್ಲೇ. ಮೂವರಲ್ಲಿ ಒಳ್ಳೆಯವರು ಯಾರು ಅಂತ ಆರಿಸುವುದು ಅಂದುಕೊಂಡು ಒಂದೇ ಹೆಸರು ಬರೆಯುತ್ತಾರೆ, ಮತ ಹಂಚಿಹೋಗಿ ಯಾರೂ ಗೆಲ್ಲುವುದಿಲ್ಲ. ಪ್ರತಿ ಹೆಸರಿಗೂ ಬೇರೆ ಚೀಟಿ, "ಹೌದು" ಅಥವಾ "ಇಲ್ಲ" ಅಷ್ಟೆ. ಮೂವರಿಗೂ ಹೌದು ಅನ್ನಬಹುದು, ಮೂವರಿಗೂ ಇಲ್ಲ ಅನ್ನಬಹುದು.

ಹೆಸರು ಆರಿಸುವುದರಲ್ಲೇ ಇರುವುದು ಜಾಣತನ. ಜೋರ್ಡನ್, ಕೋಬಿ ಇಟ್ಟರೆ ಚರ್ಚೆಗೆ ಏನೂ ಉಳಿಯುವುದಿಲ್ಲ. ರಾಬರ್ಟ್ ಹೋರಿ ಇಡಿ. ಹ್ಯೂಸ್ಟನ್‌ಗೆ ಎರಡು, ಲೇಕರ್ಸ್‌ಗೆ ಮೂರು, ಸ್ಯಾನ್ ಆಂಟೋನಿಯೊಗೆ ಎರಡು, ಒಟ್ಟು ಏಳು ಉಂಗುರ. ಜೋರ್ಡನ್‌ಗಿಂತ ಒಂದು ಹೆಚ್ಚು! ಆದರೆ ಸರಾಸರಿ 7.0 ಪಾಯಿಂಟ್, ಒಮ್ಮೆಯೂ ಆಲ್-ಸ್ಟಾರ್ ಅಲ್ಲ. 2025ರ ಪಟ್ಟಿಯವರೆಗೆ ಅವರ ಹೆಸರು ಬಂದಿಲ್ಲ. ಮಕ್ಕಳು "ಆಲ್-ಸ್ಟಾರ್ ಅಲ್ಲದವರಿಗೆ ಜಾಗವಿಲ್ಲ" ಅಂತ ತೀರ್ಮಾನಕ್ಕೆ ಬಂದ ಕ್ಷಣ ಮೈಕಲ್ ಕೂಪರ್ ಹೆಸರು ತೆಗೆಯಿರಿ. ಅವರೂ ಒಮ್ಮೆಯೂ ಆಲ್-ಸ್ಟಾರ್ ಅಲ್ಲ, ಸರಾಸರಿ ಎರಡಂಕಿ ಮುಟ್ಟಲಿಲ್ಲ. ಆದರೆ ಲೇಕರ್ಸ್‌ನ ಐದು ಚಾಂಪಿಯನ್‌ಶಿಪ್‌ಗಳಲ್ಲಿ ಎದುರಾಳಿಯ ಮುಖ್ಯ ಆಟಗಾರನನ್ನು ಕಟ್ಟಿಹಾಕುವ ಕೆಲಸ ಅವರದು, 1987ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ. 2024ರಲ್ಲಿ ಸೇರಿದರು. ಹೋರಿಗೂ ಕೂಪರ್‌ಗೂ ಎಲ್ಲಿ ವ್ಯತ್ಯಾಸ? ನನ್ನ ಪ್ರಕಾರ ಕೂಪರ್ ತನ್ನ ಕೆಲಸದಲ್ಲಿ ಆ ಕಾಲದ ಅಗ್ರ ಪಂಕ್ತಿಯವರು. ಹೋರಿ ಕೊನೆ ಗಳಿಗೆಯ ಹೊಡೆತಕ್ಕೆ ಹೆಸರಾದರೂ ಇಡೀ ಸೀಸನ್ನಿನ ಲೆಕ್ಕದಲ್ಲಿ ಯಾವುದರಲ್ಲೂ ಮುಂಚೂಣಿಯಲ್ಲಿರಲಿಲ್ಲ. ನಾನು ಹೋರಿಗೆ "ಇಲ್ಲ" ಅಂತಲೇ ಬರೆಯುವುದು. ಶಾನ್ ಮೇರಿಯನ್‌ಗೆ "ಹೌದು": ನಾಲ್ಕು ಸಲ ಆಲ್-ಸ್ಟಾರ್, 2011ರಲ್ಲಿ ಡಲ್ಲಾಸ್ ಜತೆ ಚಾಂಪಿಯನ್, 17,000 ದಾಟಿದ ಪಾಯಿಂಟ್, 10,000 ದಾಟಿದ ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು).

ಉಂಗುರ ಇಲ್ಲದವರ ಕಥೆ ಬೇಗ ಮುಗಿಯುತ್ತದೆ. ವಿನ್ಸ್ ಕಾರ್ಟರ್ 22 ಸೀಸನ್ ಆಡಿದರೂ ಫೈನಲ್ ಮುಖ ನೋಡಲಿಲ್ಲ, 2024ರಲ್ಲಿ ಒಳಗೆ. ಕಾರ್ಮೆಲೊ ಆಂಥನಿ ಎನ್‌ಬಿಎ ಗೆಲ್ಲಲಿಲ್ಲ. 28,289 ಪಾಯಿಂಟ್, ಸಿರಾಕ್ಯೂಸ್ ಪರ 2003ರ ಕಾಲೇಜು ಚಾಂಪಿಯನ್, ಮೂರು ಒಲಿಂಪಿಕ್ ಚಿನ್ನ, 2025ರಲ್ಲಿ ಒಳಗೆ. ಆ ವರ್ಷ ಅವರು ಎರಡು ಸಲ ಸೇರಿದಂತಾಯಿತು, ಯಾಕೆಂದರೆ 2008ರ ಅಮೆರಿಕ ಒಲಿಂಪಿಕ್ ತಂಡವನ್ನೂ ಇಡಿಯಾಗಿ ಸೇರಿಸಿದರು. ಕ್ವಿಜ್‌ಗೆ ಒಳ್ಳೆಯ ಬಲೆ ಇದು: ಆ ತಂಡದಲ್ಲಿ ಲೆಬ್ರಾನ್ ಜೇಮ್ಸ್ ಇದ್ದರು, ಅವರಿನ್ನೂ ಆಡುತ್ತಿರುವಾಗಲೇ ತಂಡದ ಲೆಕ್ಕದಲ್ಲಿ ಹಾಲ್ ಸೇರಿಬಿಟ್ಟರು. ಹಾಗಂತ ಆ ತಂಡದ ಟೇಶಾನ್ ಪ್ರಿನ್ಸ್‌ರನ್ನೋ ಕಾರ್ಲೋಸ್ ಬೂಜರ್‌ರನ್ನೋ ಆಟಗಾರನಾಗಿ ಆಯ್ಕೆಯಾದವರು ಅನ್ನಲು ಬರುವುದಿಲ್ಲ.

ಹಳಬರನ್ನು ಹೊಸಬರ ಜತೆ ತೂಗುವಾಗ ಎರಡು ವರ್ಷ ಗೋಡೆಯ ಮೇಲೆ ಬರೆದಿಡಿ. ಎನ್‌ಬಿಎ ಸ್ಟೀಲ್ (ಚೆಂಡು ಕಸಿಯುವುದು), ಬ್ಲಾಕ್ (ಎದುರಾಳಿಯ ಹೊಡೆತ ತಡೆಯುವುದು) ಎಣಿಸಲು ಶುರುಮಾಡಿದ್ದು 1973–74ರಲ್ಲಿ; ದೂರದ ಬುಟ್ಟಿಗೆ ಮೂರು ಪಾಯಿಂಟ್ ಕೊಡುವ ಗೆರೆ ಬಂದಿದ್ದು 1979–80ರಲ್ಲಿ. ಇದು ಗೊತ್ತಿಲ್ಲದೆ 11 ಚಾಂಪಿಯನ್‌ಶಿಪ್ ಗೆದ್ದ ಬಿಲ್ ರಸೆಲ್‌ಗೆ "ಬ್ಲಾಕ್ ಸೊನ್ನೆ" ಅನ್ನುವ ಮಕ್ಕಳಿದ್ದಾರೆ.

ಭಾಷೆಯ ವಿಷಯ ಒಂದು. ಮಕ್ಕಳ ಕನ್ನಡ ತಡವರಿಸುವುದು ಸಂಖ್ಯೆ ಬಂದಾಗ. 28,289 ಅನ್ನು ಇಂಗ್ಲಿಷಿನಲ್ಲಿ ಹೇಳಿ ಮುಂದೆ ಓಡುತ್ತಾರೆ. ನಿಲ್ಲಿಸಿ, "ಇಪ್ಪತ್ತೆಂಟು ಸಾವಿರದ ಇನ್ನೂರ ಎಂಬತ್ತೊಂಬತ್ತು" ಅನ್ನಿಸಿ. ಎಪ್ಪತ್ತೊಂಬತ್ತು, ಎಂಬತ್ತೊಂಬತ್ತು, ತೊಂಬತ್ತೊಂಬತ್ತು ಮೂರೂ ಅವರ ಕಿವಿಗೆ ಒಂದೇ ತರ. ಮೂರನ್ನೂ ಸಾಲಾಗಿ ಬೋರ್ಡಿನಲ್ಲಿ ಬರೆದರೆ ಬೇಗ ಹಿಡಿತಕ್ಕೆ ಬರುತ್ತದೆ. "ಹಾಗಂದ ಮಾತ್ರಕ್ಕೆ", "ಅದಿರಲಿ, ಆದರೆ" ಇವೆರಡು ಕಲಿಸಿದರೆ ಎದುರುವಾದಕ್ಕೆ ಸಾಕು.

*

ಓದಿದ ಮೇಡಂ ಒಬ್ಬರು ಬರೆದದ್ದು: ಸರ್, ಎಲ್ಲ ಸರಿ, ಆದರೆ ನಿಮ್ಮ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲವಲ್ಲ! ತರಗತಿಯಲ್ಲಿ ಅರ್ಧ ಹುಡುಗಿಯರೇ ಇರುತ್ತಾರೆ. 2025ರಲ್ಲಿ ಸೇರಿದ ಮಾಯಾ ಮೂರ್ ಹೆಸರು ಇಡಿ. ಕನೆಕ್ಟಿಕಟ್ ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೆ 150 ಗೆಲುವು, 4 ಸೋಲು. ಮಿನೆಸೋಟಾ ಪರ ಎಂಟೇ ಸೀಸನ್, ಅದರಲ್ಲಿ ನಾಲ್ಕು ಚಾಂಪಿಯನ್‌ಶಿಪ್. 29ನೇ ವಯಸ್ಸಿಗೆ ಆಟ ಬಿಟ್ಟು, ಜೈಲಿನಲ್ಲಿದ್ದ ಜೊನಾಥನ್ ಐರನ್ಸ್ ಬಿಡುಗಡೆಗೆ ಓಡಾಡಿದರು. 2020ರಲ್ಲಿ ಆ ಶಿಕ್ಷೆ ರದ್ದಾಯಿತು. ಇಲ್ಲಿ ಮಕ್ಕಳು ದಾರಿ ತಪ್ಪುವುದು ಹೀಗೆ: ಒಳ್ಳೆಯ ಕೆಲಸ ಮಾಡಿದರು ಅಂತ ಮತ ಹಾಕಿಬಿಡುತ್ತಾರೆ. ಅದನ್ನು ಪಕ್ಕಕ್ಕಿಟ್ಟು, ಎಂಟು ವರ್ಷದ ಆಟ ಸಾಕೇ ಅನ್ನುವುದನ್ನಷ್ಟೇ ಕೇಳಿ. ಸಾಕು ಅನ್ನುವವಳು ನಾನು.

ಇನ್ನೊಬ್ಬರು ಲೂಸಿಯಾ ಹ್ಯಾರಿಸ್. 1976ರ ಮಾಂಟ್ರಿಯಲ್‌ನಲ್ಲಿ ಮಹಿಳಾ ಒಲಿಂಪಿಕ್ ಬಾಸ್ಕೆಟ್‌ಬಾಲ್‌ನ ಮೊಟ್ಟಮೊದಲ ಬುಟ್ಟಿ ಅವರದು. ಮರುವರ್ಷ ತಂಡಗಳು ಹೊಸ ಆಟಗಾರರನ್ನು ಆರಿಸುವ ಎನ್‌ಬಿಎ ಡ್ರಾಫ್ಟ್‌ನ ಏಳನೇ ಸುತ್ತಿನಲ್ಲಿ ನ್ಯೂ ಆರ್ಲಿಯನ್ಸ್ ತಂಡ ಅವರನ್ನು ಆರಿಸಿತ್ತು. ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ ಶುರುವಾಗಿದ್ದು 1997ರಲ್ಲಿ, ಹಾಗಾಗಿ ಆ ಲೀಗಿನ ಅಂಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಹಾಲ್ ಅವರನ್ನು 1992ರಲ್ಲೇ ಸೇರಿಸಿಕೊಂಡಿತ್ತು.

*

ಅದಕ್ಕೆ ನನ್ನ ಉತ್ತರ: ಒಪ್ಪಿದೆ ಮೇಡಂ, ಬಿಟ್ಟದ್ದು ನನ್ನ ತಪ್ಪೇ. ಎಂಟು ವರ್ಷ ಸಾಕೇ ಅನ್ನುವ ಪ್ರಶ್ನೆಗೆ ಜೋಡಿಯಾಗಿ ಗಂಡಸರಲ್ಲಿ ಬಿಲ್ ವಾಲ್ಟನ್ ಇದ್ದಾರೆ: ಪಾದದ ಗಾಯದಿಂದಾಗಿ ಎನ್‌ಬಿಎಯಲ್ಲಿ ಬರೀ 468 ಪಂದ್ಯ, ಆದರೂ 1993ರಲ್ಲಿ ಸೇರ್ಪಡೆ. ಯಾವ್ ಮಿಂಗ್ 486 ಪಂದ್ಯ, 2016. ಕಾರ್ಟರ್ ಆಡಿದ್ದು 1,541.

ಈ ಮೂರು ಸಂಖ್ಯೆ ಬೋರ್ಡಿನಲ್ಲಿ ಹಾಗೇ ಇರಲಿ, ಮುಂದಿನ ಭಾನುವಾರ ಡೆರಿಕ್ ರೋಸ್ ಹೆಸರು ಇಡಿ. 2011ರಲ್ಲಿ 22ನೇ ವಯಸ್ಸಿಗೆ ಎಂವಿಪಿ, ಅಂದರೆ ಲೀಗಿನ ವರ್ಷದ ಅತ್ಯುತ್ತಮ ಆಟಗಾರ, ಅಷ್ಟು ಚಿಕ್ಕವಯಸ್ಸಿನಲ್ಲಿ ಇನ್ಯಾರಿಗೂ ಅದು ಸಿಕ್ಕಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಪ್ಲೇಆಫ್ ಮೊದಲ ಪಂದ್ಯದಲ್ಲೇ ಮೊಣಕಾಲಿನ ಅಸ್ಥಿರಜ್ಜು ಹರಿಯಿತು, ಆಮೇಲೆ ಆಲ್-ಸ್ಟಾರ್ ಆಗಲೇ ಇಲ್ಲ. ಪರ ಮಾತಾಡುವವರಿಗೆ ವಾಲ್ಟನ್ ಕೊಡಿ, ವಿರುದ್ಧದವರಿಗೆ ವಾಲ್ಟನ್‌ರ 1977ರ ಚಾಂಪಿಯನ್‌ಶಿಪ್ ಕೊಡಿ. 12 ಮಕ್ಕಳಿದ್ದರೆ 9 ಮತ ಬೇಕು ಅನ್ನುವುದನ್ನು ಚೀಟಿ ಹಂಚುವ ಮೊದಲೇ ಹೇಳಿ. ಎಣಿಸಿದ ಮೇಲೆ ಹೇಳಿದರೆ ಆ ಜಗಳ ಕಾರಿನಲ್ಲೂ ಮುಂದುವರಿಯುತ್ತದೆ, ಅದೂ ಇಂಗ್ಲಿಷಿನಲ್ಲಿ.