ದೊಡ್ಡಿ, ಹುಂಡಿ, ಕೊಪ್ಪಲು: ನಿಮ್ಮ ಕಡೆ ಏನಂತಾರೆ?

ಗೆಳೆಯರೇ,

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಕೆ.ಎಂ.ದೊಡ್ಡಿ ಸಿಗುತ್ತದೆ. ಪೂರ್ತಿ ಹೆಸರು ಕಾಳಮುದ್ದನದೊಡ್ಡಿ. ಭಾರತೀನಗರ ಅಂತಲೂ ಕರೆಯುತ್ತಾರೆ. ಕಾಲೇಜು, ಸಕ್ಕರೆ ಕಾರ್ಖಾನೆ ಎಲ್ಲ ಇರುವ ಊರು. ಸುತ್ತಲ ಹಳ್ಳಿಯವರು ಸುಮ್ನೆ ‘ದೊಡ್ಡಿಗೆ ಹೋಗಿ ಬರ್ತೀನಿ’ ಅಂತಾರೆ. ಮೊನ್ನೆ ಮಗಳು ಕೇಳಿದಳು: ‘ದೊಡ್ಡ ಊರು, ಅದಕ್ಕೇ ದೊಡ್ಡಿ, ಅಲ್ವಾ ಅಪ್ಪ?’

ಅಲ್ಲ. ದೊಡ್ಡಿ ಎಂದರೆ ದನ ಕೂಡುವ ಜಾಗ. ಕೊಟ್ಟಿಗೆ ಬೇರೆ, ದೊಡ್ಡಿ ಬೇರೆ. ಕೊಟ್ಟಿಗೆಗೆ ಸೂರು ಇರುತ್ತದೆ, ಮನೆಗೆ ಅಂಟಿಕೊಂಡಿರುತ್ತದೆ. ದೊಡ್ಡಿ ಬಯಲಿನದು, ಸುತ್ತ ಮುಳ್ಳುಬೇಲಿ. ಪರರ ಹೊಲಕ್ಕೆ ನುಗ್ಗಿದ ಬೀಡಾಡಿ ದನಗಳನ್ನು ಕೂಡಿಹಾಕುವ ಜಾಗಕ್ಕೂ ದೊಡ್ಡಿ ಎಂದೇ ಹೆಸರು. ತೆಲುಗಿನಲ್ಲೂ ಈ ಮಾತಿದೆ. ಅಲ್ಲಿ ಮನೆಯ ಹಿತ್ತಲಿಗೂ ದೊಡ್ಡಿ ಅಂತಾರೆ.

ಅಕ್ಕಪಕ್ಕದ ಹೆಸರುಗಳನ್ನು ನೋಡಿ: ಚಿಕ್ಕರಸಿನಕೆರೆ, ಅಣ್ಣೂರು. ಒಂದು ಕೆರೆ, ಒಂದು ಊರು. ದೊಡ್ಡಿಯ ಹಿಂದೆ ಮಾತ್ರ ಕಾಳಮುದ್ದ ಅನ್ನೋ ಒಬ್ಬ ಮನುಷ್ಯನ ಹೆಸರು ಕೂತಿದೆ. ಹುಲ್ಲು ಕಂಡ ಕಡೆ ದನ ಕೂಡಿ, ಪಕ್ಕದಲ್ಲೇ ಗುಡಿಸಲು ಹಾಕಿಕೊಂಡವನ ಹೆಸರು ಅಂತ ನನ್ನ ಎಣಿಕೆ. ಆಮೇಲೆ ಮಕ್ಕಳು ಮರಿಯಾಗಿ ಊರು ಬೆಳೆದಿರಬೇಕು. ಮೊದಲು ಇಲ್ಲಿ ನಾಲೆಯ ನೀರು ಇರಲಿಲ್ಲ. ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್.) ಕೆಲಸ ಶುರುವಾದದ್ದು 1911ರಲ್ಲಿ. ನಾಲೆಯ ನೀರು ಮದ್ದೂರು ಸೀಮೆಗೆ ಬಂದದ್ದು ಅದಕ್ಕೂ ಎಷ್ಟೋ ವರ್ಷದ ನಂತರ. ಆಗ ಅದನ್ನು ಇರ್ವಿನ್ ನಾಲೆ ಅನ್ನುತ್ತಿದ್ದರು, ಈಗ ವಿಶ್ವೇಶ್ವರಯ್ಯ ನಾಲೆ. ನೀರು ಬಂದ ಮೇಲೆ ರಾಗಿ ಹೊಲಗಳೆಲ್ಲ ಕಬ್ಬು, ಭತ್ತದ ಗದ್ದೆಗಳಾದವು. ಮೇವಿನ ಬಯಲು ಹೋದರೂ ಅದರ ಗುರುತು ಈ ಹೆಸರಿನಲ್ಲಿದೆ. ಅದಕ್ಕೇ ‘ಕೆ.ಎಂ.’ ಅಂತ ಚಿಕ್ಕದು ಮಾಡಿ ಕಾಳಮುದ್ದನನ್ನು ಮರೆಯುವುದು ನನಗೆ ಬೇಜಾರು.

ಇನ್ನೊಂದು ವಿಷಯ. ಮದ್ದೂರು, ಚನ್ನಪಟ್ಟಣ, ಕನಕಪುರದ ಕಡೆ ಹೆಸರಿನ ಕೊನೆಗೆ ‘ದೊಡ್ಡಿ’ ಇರುವ ಊರುಗಳು ಜಾಸ್ತಿ. ತಿ.ನರಸೀಪುರ, ನಂಜನಗೂಡಿನ ಕಡೆ ಹೋದರೆ ‘ಹುಂಡಿ’. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ‘ಕೊಪ್ಪಲು’. ಮೈಸೂರಿನ ಒಳಗೇ ಒಂಟಿಕೊಪ್ಪಲು, ಕುಂಬಾರಕೊಪ್ಪಲು ಇವೆ.

ಹುಂಡಿಯ ಕಡೆಯವರು ಹೇಳಿ: ನಿಮ್ಮ ಮನೆಯ ಹಿರಿಯರು ‘ಹುಂಡಿ’ ಅನ್ನುವುದು ಊರಿನ ಹೆಸರಿನಲ್ಲಿ ಮಾತ್ರವೋ, ದನ ಕೂಡುವ ಜಾಗಕ್ಕೂ ಅನ್ನುತ್ತಾರೋ? ಮದ್ದೂರು, ಮಳವಳ್ಳಿಯವರೇ, ‘ದನ ದೊಡ್ಡಿಗೆ ಹೊಡಿ’ ಅನ್ನುವ ಮಾತು ನಿಮ್ಮ ಮನೆಗಳಲ್ಲಿ ಇನ್ನೂ ಇದೆಯಾ?