ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಹೊಸ ಪದಾರ್ಥ: ಹಳೇ ಮೆನು ಮುಟ್ಟದೆ ಏನು ಸೇರಿಸಬಹುದು?

ಸೋನೆಮಳೆ

ಎಲ್ಲರಿಗೂ ನಮಸ್ಕಾರ. ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ (ಅಮೆರಿಕದ ಸುಗ್ಗಿಹಬ್ಬ) ಊಟಕ್ಕೆ ಅತ್ತೆಯವರ ಮನೆಯಲ್ಲಿ 14 ಜನ ಸೇರುತ್ತೇವೆ. ಗಂಡನ ಮನೆಯವರು ಅಮೆರಿಕನ್ನರು, ಮೆನು ಪ್ರತಿವರ್ಷ ಅದೇ: 14 ಪೌಂಡಿನ ಟರ್ಕಿ ಕೋಳಿ, ಸ್ಟಫಿಂಗ್ (ಮಸಾಲೆ ಕಲಸಿದ ಬ್ರೆಡ್ ತುಂಡು), ಮ್ಯಾಶ್ಡ್ ಪೊಟೇಟೊ, ಗ್ರೇವಿ (ಟರ್ಕಿಯ ರಸದ ಗಟ್ಟಿ ಸಾರು), ಗ್ರೀನ್ ಬೀನ್ ಕ್ಯಾಸರೋಲ್ (ಸೂಪಿನಲ್ಲಿ ಕಲಸಿ ಓವನ್‌ನಲ್ಲಿ ಬೇಯಿಸಿದ ಬೀನ್ಸ್), ಮಾರ್ಷ್‌ಮೆಲ್ಲೊ ಹಾಕಿದ ಗೆಣಸು, ಡಬ್ಬಿಯ ಕ್ರ್ಯಾನ್‌ಬೆರಿ, ಡಿನ್ನರ್ ರೋಲ್, ಪಂಪ್ಕಿನ್ ಪೈ. ಇದರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ. ಆದರೆ ಎರಡು ಮೂರು ಹೊಸದು ತಂದರೆ ಸಂತೋಷ ಅಂತ ಅತ್ತೆಯವರೇ ಹೇಳಿದ್ದಾರೆ. ಸಸ್ಯಾಹಾರಿಗಳು ನಾಲ್ವರಿದ್ದಾರೆ. ಓವನ್ ಒಂದೇ, ಬರ್ನರ್ ನಾಲ್ಕು, ಊಟ ಸಂಜೆ 4ಕ್ಕೆ. ಏನು ಮಾಡಲಿ, ಎಷ್ಟು ಮಾಡಲಿ, ಓವನ್ನಿನ ಸರದಿ ತಪ್ಪದ ಹಾಗೆ ಯಾವಾಗ ಮಾಡಲಿ?

ಎಲೆತುದಿ

ಮೊದಲು ಆ ಮೆನುವನ್ನು ಒಂದು ಬಾಳೆಲೆಯ ಮೇಲೆ ಬಡಿಸಿದ ಹಾಗೆ ಕಲ್ಪಿಸಿಕೊಳ್ಳಿ. ಎಲ್ಲ ಮೆತ್ತಗೆ, ಎಲ್ಲಕ್ಕೂ ಬೆಣ್ಣೆ, ಅರ್ಧದಷ್ಟು ಸಿಹಿ, ಬಣ್ಣ ಕಂದು. ಎಲೆಯ ತುದಿ ಮಾತ್ರ ಖಾಲಿ: ಉಪ್ಪಿನಕಾಯಿ ಇಲ್ಲ, ಕೋಸಂಬರಿ ಇಲ್ಲ, ಗೊಜ್ಜು ಇಲ್ಲ. ಹೊಸ ಪದಾರ್ಥಕ್ಕೆ ಜಾಗ ಇರುವುದು ಅಲ್ಲೇ. ಇನ್ನೊಂದು ಕ್ಯಾಸರೋಲ್ ತಂದರೆ ಅತ್ತೆಯವರ ಕ್ಯಾಸರೋಲಿನ ಪಕ್ಕದಲ್ಲಿ ಪೈಪೋಟಿಗೆ ಇಟ್ಟ ಹಾಗಾಗುತ್ತದೆ. ಹುಳಿ, ಖಾರ, ಕರುಂ ಅನ್ನುವ ಹಸಿ ತರಕಾರಿ ತಂದರೆ ಅವರು ಮಾಡಿದ್ದೇ ಇನ್ನಷ್ಟು ರುಚಿಸುತ್ತದೆ. ಓವನ್ನೂ ಬೇಕಾಗಿಲ್ಲ. ನನ್ನ ಸಲಹೆ ಎರಡು.

ಒಂದು, ಕ್ರ್ಯಾನ್‌ಬೆರಿ ಗೊಜ್ಜು. 12 ಔನ್ಸಿನ ಒಂದು ಚೀಲ ತಾಜಾ ಕ್ರ್ಯಾನ್‌ಬೆರಿ (ಸುಮಾರು 3 ಕಪ್), ಪುಡಿಬೆಲ್ಲ ಮುಕ್ಕಾಲು ಕಪ್, ನೀರು ಅರ್ಧ ಕಪ್, ಉಪ್ಪು 1 ಚಮಚ. ಒಗ್ಗರಣೆಗೆ ಎಣ್ಣೆ 2 ದೊಡ್ಡ ಚಮಚ, ಸಾಸಿವೆ 1 ಚಮಚ, ಮೆಂತ್ಯ ಕಾಲು ಚಮಚ, ಬ್ಯಾಡಗಿ ಮೆಣಸಿನಕಾಯಿ 4, ಚಿಟಿಕೆ ಇಂಗು. ಹುಣಸೆ ಬೇಡವೇ ಬೇಡ, ಹಣ್ಣಿನ ಹುಳಿಯೇ ಸಾಕು. ಮೆಂತ್ಯ ಕೆಂಪಗಾದ ಕೂಡಲೇ ಹಣ್ಣು ಹಾಕಿ. ಕಪ್ಪಗಾಗಲು ಬಿಟ್ಟರೆ ಅದರ ಕಹಿ ಹಣ್ಣಿನ ಒಗರಿಗೆ ಸೇರಿಕೊಂಡು, ಎಷ್ಟು ಬೆಲ್ಲ ಸುರಿದರೂ ಸರಿಹೋಗುವುದಿಲ್ಲ. ಹಣ್ಣು ಪಟಪಟ ಒಡೆದು ಸಿಡಿಯುತ್ತದೆ, ಅರ್ಧ ಮುಚ್ಚಿಡಿ. 8ರಿಂದ 10 ನಿಮಿಷ ಸಾಕು. ಹೆಚ್ಚಿನವರು ಎಡವುವುದು ಇಲ್ಲಿ: ಒಲೆಯ ಮೇಲೆ ತೆಳ್ಳಗಿದೆ ಅಂತ ಇನ್ನೂ ಕುದಿಸುತ್ತಾರೆ. ಕ್ರ್ಯಾನ್‌ಬೆರಿಯಲ್ಲಿ ಪೆಕ್ಟಿನ್ ಜಾಸ್ತಿ, ಆರಿದ ಮೇಲೆ ತಾನಾಗಿ ಬಿಗಿಯುತ್ತದೆ. ಒಲೆಯ ಮೇಲೇ ಗೊಜ್ಜಿನ ಹದಕ್ಕೆ ಬಂದಿದ್ದರೆ ಫ್ರಿಜ್‌ನಲ್ಲಿ ಹಲ್ವದ ಹಾಗೆ ಗಟ್ಟಿಯಾಗುತ್ತದೆ. ಹಾಗಾದರೆ 2–3 ದೊಡ್ಡ ಚಮಚ ಬಿಸಿನೀರು ಬೆರೆಸಿ ಸಡಿಲಿಸಿ. ಮಂಗಳವಾರವೇ ಮಾಡಿಡಿ, ಎರಡು ದಿನಕ್ಕೆ ಖಾರ ಹುಳಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಡಬ್ಬಿಯ ಕ್ರ್ಯಾನ್‌ಬೆರಿಯನ್ನು ಎಂದಿನಂತೆ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಪಕ್ಕದಲ್ಲೇ ಇಡಿ.

ಎರಡು, ಬ್ರಸೆಲ್ಸ್ ಸ್ಪ್ರೌಟ್ಸ್ (ನಿಂಬೆಗಾತ್ರದ ಎಲೆಕೋಸಿನಂಥ ತರಕಾರಿ) ಕೋಸಂಬರಿ. 1 ಪೌಂಡ್ ಸ್ಪ್ರೌಟ್ಸನ್ನು ಎಲೆಕೋಸಿನಂತೆ ಎಳೆಎಳೆಯಾಗಿ ಹೆಚ್ಚಿ. ಬುಡದ ಗಟ್ಟಿ ಭಾಗ ತೆಗೆಯಿರಿ. ನಿಂಬೆರಸ 3 ದೊಡ್ಡ ಚಮಚ, ಉಪ್ಪು ಮುಕ್ಕಾಲು ಚಮಚ, ಸಾಸಿವೆ ಒಗ್ಗರಣೆ, ದಾಳಿಂಬೆ ಕಾಳು ಅರ್ಧ ಕಪ್. ಉಪ್ಪು ನಿಂಬೆ ಹಾಕಿ 20–30 ನಿಮಿಷ ಬಿಟ್ಟರೆ ಎಲೆ ಸ್ವಲ್ಪ ಬಳುಕಿ ಹದಕ್ಕೆ ಬರುತ್ತದೆ. ಬೆಳಿಗ್ಗೆಯೇ ಉಪ್ಪು ಹಾಕಿಟ್ಟರೆ ನೀರು ಬಿಟ್ಟು ಬಟ್ಟಲಿನ ತಳದಲ್ಲಿ ನಿಲ್ಲುತ್ತದೆ. ಒಗ್ಗರಣೆಗೆ ಕೊಬ್ಬರಿ ಎಣ್ಣೆ ಬೇಡ: ತಣ್ಣನೆಯ ತರಕಾರಿ ತಾಕಿದರೆ ಹೆಪ್ಪುಗಟ್ಟಿ ಬಿಳಿ ಚುಕ್ಕೆಯಾಗುತ್ತದೆ. ಸೂರ್ಯಕಾಂತಿ ಎಣ್ಣೆ ಸಾಕು.

ಅಳತೆ: ಟೇಬಲ್ ಮೇಲೆ ಒಂಬತ್ತು ಹಳೇ ಪದಾರ್ಥ ಇರುವಾಗ ಹೊಸದನ್ನು ಯಾರೂ ತಟ್ಟೆ ತುಂಬ ಹಾಕಿಕೊಳ್ಳುವುದಿಲ್ಲ. 14 ಜನ ಇದ್ದರೂ 7 ಜನಕ್ಕೆ ಆಗುವಷ್ಟು ಮಾಡಿ.

ಒಲೆಯುರಿ

ಓವನ್ ಲೆಕ್ಕ ನಾನು ಕೊಡುತ್ತೇನೆ. ಈ ಊಟ ಹೆಚ್ಚಾಗಿ ಕೆಡುವುದು ರುಚಿಯಲ್ಲಲ್ಲ, ವೇಳೆಯಲ್ಲಿ.

ಹೊಟ್ಟೆಯೊಳಗೆ ಸ್ಟಫಿಂಗ್ ತುಂಬದ 14 ಪೌಂಡ್ ಟರ್ಕಿ 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಬೇಯಲು 3ರಿಂದ ಮೂರೂಮುಕ್ಕಾಲು ಗಂಟೆ. ಬೆಳಿಗ್ಗೆ 11.15ಕ್ಕೆ ಒಳಗಿಟ್ಟು, 2 ಗಂಟೆಯಿಂದ ಥರ್ಮಾಮೀಟರ್ ಚುಚ್ಚಿ ನೋಡುತ್ತಿರಿ. ತೊಡೆಯ ಒಳಭಾಗದಲ್ಲಿ (ಮೂಳೆ ತಾಕಬಾರದು) ಮತ್ತು ಎದೆಯ ದಪ್ಪ ಭಾಗದಲ್ಲಿ 165 ಡಿಗ್ರಿ ಬಂದರೆ ಆಯಿತು. 3 ಗಂಟೆಗೆ ಹೊರಗೆ ತೆಗೆದು, ಫಾಯಿಲ್ ಸಡಿಲವಾಗಿ ಹೊದಿಸಿ 30–45 ನಿಮಿಷ ಬಿಡಿ. ಆಗಲೇ ಕತ್ತರಿಸಿದರೆ ರಸವೆಲ್ಲ ಹಲಗೆಯ ಮೇಲೆ ಹರಿದುಹೋಗುತ್ತದೆ. ಈ 45 ನಿಮಿಷವೇ ನಿಮ್ಮ ಪಾಲಿನ ಓವನ್.

ಟರ್ಕಿ ಹೊರಬಂದ ಕೂಡಲೇ 375ಕ್ಕೆ ಏರಿಸಿ. ಸಾಮಾನ್ಯ 30 ಇಂಚಿನ ರೇಂಜ್‌ನಲ್ಲಿ (ಓವನ್ ಸೇರಿದ ಒಲೆ) ಒಂದು ತಟ್ಟಿನ ಮೇಲೆ 9×13 ಇಂಚಿನ ಎರಡು ಪಾತ್ರೆ ಪಕ್ಕಪಕ್ಕ ಕೂರುತ್ತವೆ. ಎರಡು ತಟ್ಟಿಗೆ ನಾಲ್ಕು. ಸ್ಟಫಿಂಗ್, ಬೀನ್ಸ್, ಗೆಣಸು ಮೂರು ಜಾಗ ಹಿಡಿದವು. ಉಳಿದದ್ದು ಒಂದು. ಅಂದರೆ ಓವನ್ ಬೇಡುವ ಹೊಸ ಪದಾರ್ಥ ಒಂದೇ ಒಂದು ಇರಲಿ, ಅದೂ ಬುಧವಾರವೇ ಬೇಯಿಸಿ, ಗುರುವಾರ ಬಿಸಿ ಮಾಡುವಂಥದ್ದು. ಹಿಂದಿನ ದಿನ ಅಳತೆಪಟ್ಟಿ ಹಿಡಿದು, ಖಾಲಿ ಪಾತ್ರೆಗಳನ್ನು ಒಳಗಿಟ್ಟು, ಹಿಡಿಗಳೂ ಸೇರಿ ಬಾಗಿಲು ಮುಚ್ಚುತ್ತದೆಯೇ ಅಂತ ನೋಡಿ. 30 ನಿಮಿಷ ಬೇಕಾಗುತ್ತದೆ, 15ನೇ ನಿಮಿಷಕ್ಕೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಮಾರ್ಷ್‌ಮೆಲ್ಲೊ ಕೊನೆಯ 5–8 ನಿಮಿಷಕ್ಕೆ ಮಾತ್ರ ಉದುರಿಸಿ.

ಫ್ರಿಜ್‌ನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರ ಬಿಸಿ ಓವನ್‌ಗೆ ಇಟ್ಟರೆ ಸೀಳಬಹುದು. ಅರ್ಧ ಗಂಟೆ ಮೊದಲು ಹೊರಗಿಡಿ, ಇಲ್ಲವೇ ಲೋಹದ ಪಾತ್ರೆ ಬಳಸಿ.

ಹುರಿದ ತರಕಾರಿ ತರುವ ಆಸೆ ಇದ್ದರೆ ದಯವಿಟ್ಟು ಬಿಡಿ. ಅದಕ್ಕೆ 425 ಡಿಗ್ರಿಯ ಒಣ ಶಾಖ ಬೇಕು. ಮೂರು ಕ್ಯಾಸರೋಲ್‌ಗಳ ಹಬೆ ತುಂಬಿದ ಓವನ್ನಿನಲ್ಲಿ ಅದು ಹುರಿಯುವುದಿಲ್ಲ, ಬೆಂದು ಮೆತ್ತಗಾಗುತ್ತದೆ.

ಇನ್ನೊಂದು ಮಾತು. ಟರ್ಕಿ ಹೆಪ್ಪುಗಟ್ಟಿದ್ದಾದರೆ ಫ್ರಿಜ್‌ನಲ್ಲಿ ಪ್ರತಿ 4–5 ಪೌಂಡಿಗೆ 24 ಗಂಟೆ. ನಿಮ್ಮದಕ್ಕೆ ಮೂರು ದಿನ ಪೂರ್ತಿ, ಭಾನುವಾರ ರಾತ್ರಿಯೇ ಇಳಿಸಿಡಿ. ಆ ಮೂರು ದಿನ ಫ್ರಿಜ್‌ನ ಕೆಳತಟ್ಟು ಪೂರ್ತಿ ಅದರದ್ದೇ, ನಿಮ್ಮ ಹೊಸ ಪಾತ್ರೆಗೆ ಅಲ್ಲಿ ಜಾಗ ಸಿಗುವುದಿಲ್ಲ. ಇದನ್ನು ಯೋಚಿಸುವವರು ಕಡಿಮೆ.

ಹಸಿರುಸೊಪ್ಪು

ಆ ನಾಲ್ಕನೇ ಜಾಗಕ್ಕೆ ಸಸ್ಯಾಹಾರಿಗಳ ಮುಖ್ಯ ಪದಾರ್ಥ ಇಡಿ. ನಾಲ್ವರಿಗೆ ಬರೀ ಪಲ್ಯ ಗೊಜ್ಜು ಕೊಟ್ಟು ಕಳಿಸುವುದು ಸರಿಯಲ್ಲ. ಏಕಾರ್ನ್ ಸ್ಕ್ವಾಷ್ (ಗಾಢ ಹಸಿರು ಸಿಪ್ಪೆಯ, ಏಣುಏಣಿನ ಪುಟ್ಟ ಕುಂಬಳ) ಒಳಗೆ ವೈಲ್ಡ್ ರೈಸ್ ತುಂಬಿದ್ದು ಇದಕ್ಕೆ ಹೇಳಿಮಾಡಿಸಿದಂತಿದೆ. ವೈಲ್ಡ್ ರೈಸ್ ನಮ್ಮ ಅಕ್ಕಿಯಲ್ಲ, ಗ್ರೇಟ್ ಲೇಕ್ಸ್ ಸುತ್ತಿನ ನೀರಿನಲ್ಲಿ ಬೆಳೆಯುವ ಹುಲ್ಲಿನ ಕಾಳು. ಅಲ್ಲಿನ ಮೂಲನಿವಾಸಿ ಒಜಿಬ್ವೆ ಜನ ಅದನ್ನು ಮನೂಮಿನ್ ಅನ್ನುತ್ತಾರೆ, 1977ರಿಂದ ಮಿನ್ನೆಸೋಟದ ರಾಜ್ಯ ಧಾನ್ಯ. ಈ ಹಬ್ಬದ ಟೇಬಲ್‌ಗೆ ಹೊಸದಾದರೂ ನೆಲಕ್ಕೆ ಹಳೆಯದು.

3 ಸ್ಕ್ವಾಷ್ ಸೀಳಿ, ಬೀಜ ತೆಗೆದು, ಎಣ್ಣೆ ಉಪ್ಪು ಸವರಿ, ಬೋರಲು ಹಾಕಿ 400 ಡಿಗ್ರಿಯಲ್ಲಿ 40 ನಿಮಿಷ. ಪೂರ್ತಿ ಮೆತ್ತಗಾಗುವ ಮುಂಚೆ ತೆಗೆಯಿರಿ, ಮರುದಿನ ಇನ್ನೊಮ್ಮೆ ಬೇಯುವುದಿದೆಯಲ್ಲ. ವೈಲ್ಡ್ ರೈಸ್ 1 ಕಪ್‌ಗೆ ನೀರು 4 ಕಪ್, ಉಪ್ಪು ಅರ್ಧ ಚಮಚ. ಗದ್ದೆಯಲ್ಲಿ ಬೆಳೆಸಿದ ಕರಿಕಾಳು 45–60 ನಿಮಿಷ ತೆಗೆದುಕೊಳ್ಳುತ್ತದೆ. ಕೆರೆಯಲ್ಲಿ ಕೈಯಿಂದ ಕೊಯ್ದ ಕಂದುಕಾಳು ಅದರ ಅರ್ಧ ಹೊತ್ತಿಗೇ ಬೇಯುವುದರಿಂದ 20 ನಿಮಿಷಕ್ಕೇ ನೋಡಿ. ಕಾಳಿನ ತುದಿ ಸೀಳಿ ಒಳಗಿನ ಬಿಳಿ ಕಂಡರೆ ಹದ. ಮಿಕ್ಕ ನೀರು ಬಸಿದುಬಿಡಿ, ಇಂಗಲಿ ಅಂತ ಕಾದರೆ ಮುದ್ದೆಯಾಗುತ್ತದೆ. 8 ಔನ್ಸ್ ಅಣಬೆಯನ್ನು ಅಗಲ ಬಾಣಲೆಯಲ್ಲಿ ಉಪ್ಪಿಲ್ಲದೆ ಕೆಂಪಗೆ ಹುರಿದು ಆಮೇಲೆ ಉಪ್ಪು ಹಾಕಿ. 1 ಈರುಳ್ಳಿ, 2 ಕಡ್ಡಿ ಸೆಲರಿ, ನಾಲ್ಕೈದು ಸೇಜ್ ಎಲೆ, ಒಣ ಕ್ರ್ಯಾನ್‌ಬೆರಿ ಮೂರನೇ ಒಂದು ಕಪ್. ಅನ್ನಕ್ಕೆ ಬೆರೆಸಿ ಆರು ಹೋಳಿಗೂ ತುಂಬಿ. ಗುರುವಾರ ಫಾಯಿಲ್ ಮುಚ್ಚಿ 375ರಲ್ಲಿ 20 ನಿಮಿಷ, ತೆಗೆದು 10 ನಿಮಿಷ. ನಡುವೆ 165 ಡಿಗ್ರಿ ಬಿಸಿ ಬರಲೇಬೇಕು. ಪೆಕಾನ್ ಬೀಜ ಬೇಕಿದ್ದರೆ ಬೇರೆ ಬಟ್ಟಲಲ್ಲಿ, ಯಾರಿಗಾದರೂ ಅಲರ್ಜಿ ಇರಬಹುದು.

ಇದಕ್ಕಿಂತ ಹೆಚ್ಚು ಉಪಕಾರವಾಗುವುದು ಅಣಬೆ ಗ್ರೇವಿ. ಸಸ್ಯಾಹಾರಿಗಳಿಗೆ ಮ್ಯಾಶ್ಡ್ ಪೊಟೇಟೊ ಸಪ್ಪೆ ಅನಿಸುವುದು ಗ್ರೇವಿ ಸಿಗದೆ. ಅರ್ಧ ಔನ್ಸ್ ಒಣ ಪೋರ್ಚಿನಿ ಅಣಬೆಯನ್ನು 3 ಕಪ್ ಬಿಸಿನೀರಲ್ಲಿ 20 ನಿಮಿಷ ನೆನೆಸಿ, ನೀರನ್ನು ಬಟ್ಟೆಯಲ್ಲಿ ಶೋಧಿಸಿ (ತಳದಲ್ಲಿ ಮರಳಿರುತ್ತದೆ). ಬೆಣ್ಣೆ 6 ದೊಡ್ಡ ಚಮಚ, ಮೈದಾ 6 ದೊಡ್ಡ ಚಮಚ, ಕಡಲೆಬೀಜದ ಬಣ್ಣಕ್ಕೆ ಹುರಿಯಿರಿ. ಅದಕ್ಕಿಂತ ಕಪ್ಪಗಾದರೆ ಮೈದಾ ಗಟ್ಟಿ ಮಾಡುವ ಗುಣ ಕಳೆದುಕೊಳ್ಳುತ್ತದೆ. ಅಣಬೆ ನೀರನ್ನು ಅರ್ಧರ್ಧ ಕಪ್ ಹಾಕುತ್ತ ಪ್ರತಿಸಲ ನಯವಾಗುವ ತನಕ ಕಲಕಿ, ಒಟ್ಟಿಗೆ ಸುರಿದರೆ ಗಂಟು. ಕೊನೆಗೆ ಸೋಯಾ ಸಾಸ್ 1 ದೊಡ್ಡ ಚಮಚ, ಕಾಳುಮೆಣಸು.

ಹಳೇ ಮೆನುವಿನಲ್ಲಿ ಕಣ್ತಪ್ಪುವ ಮಾಂಸಾಹಾರ: ಮಾರ್ಷ್‌ಮೆಲ್ಲೊದಲ್ಲಿ ಜೆಲಟಿನ್, ಸ್ಟಫಿಂಗ್‌ನಲ್ಲಿ ಚಿಕನ್ ಬ್ರಾತ್ (ಕೋಳಿ ಬೇಯಿಸಿದ ರಸ), ಕೆಲವು ಪೈ ಹಿಟ್ಟಿನಲ್ಲಿ ಹಂದಿಕೊಬ್ಬು, ವೂಸ್ಟರ್‌ಶೈರ್ ಸಾಸ್‌ನಲ್ಲಿ ಮೀನು. ಬ್ರೆಡ್ ತುಂಡುಗಳಲ್ಲಿ ಮೂರನೇ ಒಂದು ಭಾಗವನ್ನು ತರಕಾರಿ ಬ್ರಾತ್‌ನಲ್ಲಿ ಕಲಸಿ ಚಿಕ್ಕ ಪಾತ್ರೆಗೆ ಹಾಕಿಕೊಡಿ ಅಂತ ಅತ್ತೆಯವರನ್ನು ಕೇಳಿ. ಅವರಿಗೆ ಅದು ಐದು ನಿಮಿಷದ ಕೆಲಸ.

ಹಳೇಪಾತ್ರೆ

ನನಗನ್ಸೋದು ಬೇರೆ. ಹೊಸದು ಸೇರಿಸೋ ಬದಲು ಗ್ರೀನ್ ಬೀನ್ ಕ್ಯಾಸರೋಲನ್ನೇ ತಾಜಾ ಬೀನ್ಸ್, ತಾಜಾ ಅಣಬೆಯಲ್ಲಿ ಮಾಡಬಹುದಲ್ಲ? ಅದೇನು ಪುರಾತನ ಅಡುಗೆ ಅಲ್ಲ, 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿ ಅಡುಗೆಮನೇಲಿ ಡಾರ್ಕಸ್ ರೈಲಿ ಅನ್ನೋರು ಹುಟ್ಟಿಸಿದ್ದು. ಮೊದಲ ಥ್ಯಾಂಕ್ಸ್‌ಗಿವಿಂಗ್ ಅನ್ನೋ 1621ರ ಪ್ಲಿಮತ್ (ಇಂಗ್ಲಿಷ್ ವಲಸಿಗರ ಊರು) ಊಟದ ಬಗ್ಗೆ ಉಳಿದಿರೋ ಪತ್ರದಲ್ಲಿ ಹಕ್ಕಿ ಬೇಟೆ, ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನ ತಂದ ಐದು ಜಿಂಕೆ, ಇಷ್ಟೇ ಇರೋದು. ಆಲೂಗಡ್ಡೆ ಕೂಡ ಇರಲಿಲ್ಲ.

ಎಲೆತುದಿ

ಇತಿಹಾಸ ನೀವು ಹೇಳಿದ್ದೇ ಸರಿ. ಆದರೆ ಡಬ್ಬಿ ಸೂಪಿನ ಆ ರುಚಿಯನ್ನೇ ಮನೆಮಂದಿ ವರ್ಷವಿಡೀ ಕಾಯುತ್ತಾರೆ, ತಾಜಾ ಬೀನ್ಸ್ ಹಾಕಿದರೆ ಅವರಿಗೆ ಅದು ಬೇರೆಯದೇ ಪದಾರ್ಥ. ಮಾಡುವುದಾದರೆ ತಾಜಾ ಬೀನ್ಸನ್ನು ಬೇರೆ ಪಲ್ಯವಾಗಿ ಮಾಡಿ, ಹೆಸರೂ ಬೇರೆ ಇರಲಿ. ಒಂದೇ ಹೆಸರಿನಲ್ಲಿ ಎರಡು ಇಟ್ಟರೆ ಮಾತ್ರ ಹೋಲಿಕೆ ಶುರುವಾಗುತ್ತದೆ.

ಸೋನೆಮಳೆ

ತುಂಬಾ ಧನ್ಯವಾದಗಳು. ಗೊಜ್ಜು, ಕೋಸಂಬರಿ, ಸ್ಕ್ವಾಷ್, ಗ್ರೇವಿ ನಾಲ್ಕನ್ನೂ ನಮ್ಮ ಮನೆಯಲ್ಲಿ ಮಾಡಿ ಕಾರಿನಲ್ಲಿ 40 ನಿಮಿಷ ಒಯ್ಯಬೇಕು. ಅಲ್ಲಿ ಒಂದೇ ಬರ್ನರ್ ಖಾಲಿ ಸಿಗಬಹುದು. ಹೇಗೆ ಹೊಂದಿಸಲಿ?

ಒಲೆಯುರಿ

ಬರ್ನರ್ ಬೇಕಾಗುವುದಿಲ್ಲ. ಸ್ಟೀಲ್ ಫ್ಲಾಸ್ಕಿಗೆ ಕುದಿನೀರು ತುಂಬಿ 10 ನಿಮಿಷ ಬಿಟ್ಟು ಚೆಲ್ಲಿ, ಕುದಿಯುವ ಗ್ರೇವಿಯನ್ನು ಕತ್ತಿನವರೆಗೆ ತುಂಬಿಸಿ ಮುಚ್ಚಿ. ಅರ್ಧ ತುಂಬಿಸಿದರೆ ಬೇಗ ಆರುತ್ತದೆ. ನಿಂತಷ್ಟೂ ಗಟ್ಟಿಯಾಗುವುದರಿಂದ ಬೇಕಾದ್ದಕ್ಕಿಂತ ತುಸು ತೆಳ್ಳಗೆ ಮಾಡಿ. ಬಡಿಸುವಾಗ 140 ಡಿಗ್ರಿಗಿಂತ ಮೇಲಿರಬೇಕು, ಕೆಳಗಿಳಿದಿದ್ದರೆ ಮೈಕ್ರೋವೇವ್‌ನಲ್ಲಿ ಕುದಿ ಬರಿಸಿ.

ಸ್ಕ್ವಾಷ್ ತಣ್ಣಗೇ ಹೋಗಲಿ. ಐಸ್‌ಪ್ಯಾಕ್ ಹಾಕಿದ ಕೂಲರ್‌ನಲ್ಲಿ, ಲೋಹದ ತಟ್ಟೆಯಲ್ಲಿ, ಹೋಳುಗಳು ಉರುಳದಂತೆ ಪ್ರತಿಯೊಂದರ ಬೆನ್ನನ್ನು ಸ್ವಲ್ಪ ಕೆತ್ತಿ ಚಪ್ಪಟೆ ಮಾಡಿ. ಅರೆಬೆಚ್ಚಗೆ ಒಯ್ಯುವುದು ಎಲ್ಲಕ್ಕಿಂತ ಕೆಟ್ಟದ್ದು: 40ರಿಂದ 140 ಡಿಗ್ರಿ ನಡುವೆ ಎರಡು ಗಂಟೆಗಿಂತ ಹೆಚ್ಚು ಯಾವ ಅಡುಗೆಯೂ ಇರಬಾರದು. ಕೋಸಂಬರಿಯ ಎಲೆ ಒಂದು ಚೀಲದಲ್ಲಿ, ನಿಂಬೆರಸ ಉಪ್ಪು ಒಂದು ಸೀಸೆಯಲ್ಲಿ, ಆರಿದ ಒಗ್ಗರಣೆ ಇನ್ನೊಂದರಲ್ಲಿ. 3.30ಕ್ಕೆ ಕಲಸಿ. ಗೊಜ್ಜನ್ನು ಮಾತ್ರ ಹೋದ ಕೂಡಲೇ ಹೊರಗೆ ತೆಗೆದಿಡಿ, ಫ್ರಿಜ್‌ನ ತಣ್ಣಗಿನಲ್ಲಿ ಖಾರವೂ ಇಂಗೂ ನಾಲಿಗೆಗೆ ಹತ್ತುವುದಿಲ್ಲ.