ಅಪ್‌ಡೇಟ್: ಮುಂಡಿಗೆಕೆರೆಯ ಹಕ್ಕಿಗಳು ಕೊನೆಗೂ ಚೆನ್ನಾಗಿ ಕಂಡವು

ಶಿರಸಿ ಹತ್ತಿರದ ಸೋಂದಾ ಮುಂಡಿಗೆಕೆರೆಯಲ್ಲಿ ದಂಡೆಯಿಂದ ನೋಡಿದರೆ ಹಕ್ಕಿಗಳೆಲ್ಲ ಬರೀ ಬಿಳಿ ಚುಕ್ಕಿ, ಏನು ಮಾಡಲಿ ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದದ್ದು "ಸಂಜೆ ಹೋಗಿ, ಕತ್ತಲಾಗುವವರೆಗೆ ಸುಮ್ನೆ ಕೂತಿರಿ" ಎಂದವರ ಮಾತು. ಹೊತ್ತು ಇಳಿಯುತ್ತಿದ್ದಂತೆ ಬೆಳ್ಳಕ್ಕಿಗಳು ಗುಂಪು ಗುಂಪಾಗಿ ಬಂದು ಮುಂಡಿಗೆ ಪೊದೆಗಳ ಮೇಲೆ ಇಳಿದವು. ಅದೇ ಹೊತ್ತಿಗೆ ಇರುಳು ಬಕಗಳು "ಕ್ವಾಕ್" ಎನ್ನುತ್ತಾ ಹೊರಗೆ ಹೊರಟವು! ಅವು ರಾತ್ರಿ ಬೇಟೆಯಾಡುವ ಹಕ್ಕಿಗಳು ಅಲ್ವಾ, ಕಾರ್ಖಾನೆಯಲ್ಲಿ ಪಾಳಿ ಬದಲಾದ ಹಾಗೆ ಇತ್ತು. ಇದನ್ನು ನಾನು ಎಣಿಸಿಯೇ ಇರಲಿಲ್ಲ.

ಬೈನಾಕ್ಯುಲರ್‌ಗೆ ಫೋನ್ ಹಿಡಿದು ಫೋಟೊ ತೆಗೆಯುವುದು ಆಗಲಿಲ್ಲ, ಬೆಳಕು ಸಾಲದು. 10 ಪಟ್ಟು ದೊಡ್ಡದಾಗಿ ತೋರಿಸುವುದಕ್ಕಿಂತ 8 ಪಟ್ಟು ತೋರಿಸುವ ಬೈನಾಕ್ಯುಲರ್ ವಾಸಿ. ಕೈ ನಡುಗಿದರೂ ನೋಟ ಅಷ್ಟು ಅಲುಗಾಡುವುದಿಲ್ಲ.

ಬಿಳಿ ಹಕ್ಕಿಗಳೆಲ್ಲ ಒಂದೇ ಜಾತಿ ಅಲ್ಲ. ಹಾರುವಾಗ ಕಾಲು ನೋಡಿ. ಕಪ್ಪು ಕಾಲು, ಹಳದಿ ಪಾದ ಇದ್ದರೆ ಸಣ್ಣ ಬೆಳ್ಳಕ್ಕಿ. ಮರಿ ಮಾಡುವ ಕಾಲದಲ್ಲಿ ತಲೆ, ಕುತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಗೋವಕ್ಕಿ.

ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಎಂಬ ಸಲಹೆಯನ್ನು ಮಾತ್ರ ಬಿಟ್ಟೆ. ಮಳೆಗಾಲ ಗೂಡಿನ ಕಾಲ. ತಾಯಿಹಕ್ಕಿ ಗಾಬರಿಯಾಗಿ ಎದ್ದರೆ ಮೊಟ್ಟೆ ಕಾಗೆ ಪಾಲಾಗುತ್ತದೆ.